ಮಗಳ ಹಿಂದಿನ ಬೆಂಚಿನಿಂದ

ಕಪ್ಪತಗುಡ್ಡದ ಬಡಗಣ ಮಗ್ಗುಲು
ಇಸವಿ ೨೨೧೭, ಜ್ಯೇಷ್ಠ ಮಾಸದ ಎರಡನೆಯ ತಂಪುವಾರ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಮಹಾನಂದಾ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಮನೆಯ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ತಂಪುವಾರವೂ ನಿಮಗೆ ಗೊತ್ತಿರಲಾರದು. ಬಿಸಿಲು ತಡೆಯಲಾರದಷ್ಟು ಏರಿದ ಮೇಲೆ, ವಾರದಲ್ಲಿ ಒಂದು ದಿನ ಯಾರೂ ಹೊರಗಿನ ಕೆಲಸ ಮಾಡಬಾರದೆಂದು ಗೊತ್ತುಮಾಡಿ ಆ ದಿನಕ್ಕೆ ಇಟ್ಟ ಹೆಸರು ಅದು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆ, ಅದೂ ನಲವತ್ತು ದಾಟಿದ ಮೇಲೆ. ನಡುನಡುವೆ ನಮ್ಮ ಕಾಲದ ಮಾತುಗಳು ನುಸುಳಿದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ವಿಚಿತ್ರವೆನ್ನಿಸಿದರೆ ಮನ್ನಿಸಬೇಕು. ಇಷ್ಟು ಬರೆಯುವುದಕ್ಕೂ ನನಗೆ ನಾಚಿಕೆಯಾಗುತ್ತಿದೆ. ನಾಚಿಕೆಯ ವಿಷಯವೇ ಬರೆಯಲು ಹೊರಟಿದ್ದೇನೆ, ಹಾಗಾಗಿ ಅದನ್ನು ಮರೆಮಾಡಿ ಉಪಯೋಗವಿಲ್ಲ.

ನಾವು ಇಳಿಮನೆಗಳಲ್ಲಿ ಇರುತ್ತೇವೆ. ಗೋಡೆಯ ಅರ್ಧ ಭಾಗ ನೆಲದ ಕೆಳಗಿರುವ ಮನೆಗಳಿವು. ಮೆಟ್ಟಿಲು ಇಳಿದು ಒಳಗೆ ಹೋದರೆ ಮಣ್ಣಿನ ತಂಪು ಇರುತ್ತದೆ. ಬೆಳಗ್ಗೆ ಬಿಸಿಲು ಬಲಿಯುವ ಮುಂಚೆ ಒಂದು ಪಾಳಿ ಕೆಲಸ, ಹೊತ್ತು ಇಳಿದ ಮೇಲೆ ಇನ್ನೊಂದು ಪಾಳಿ. ನಡುಹಗಲು ಊರೆಲ್ಲ ನೆಲದೊಳಗೆ ಕೂತಿರುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಮಾತ್ರ ಬದಲಾಗಿಲ್ಲ. ಊಟದ ಹೊತ್ತಿಗೆ ನೀವು ನಮ್ಮ ಮನೆಗೆ ಬಂದರೆ ಪರ ಊರಿಗೆ ಬಂದೆವು ಎನ್ನಿಸಲಿಕ್ಕಿಲ್ಲ. ಗುಡ್ಡದ ಮೇಲೆ ಗಾಳಿಗಿರಣಿಗಳು ಸಾಲಾಗಿ ನಿಂತಿವೆ. ಅವುಗಳ ರೆಕ್ಕೆಗಳನ್ನು ಕೆಳಗಿಳಿಸಿ, ಉಜ್ಜಿ ತೊಳೆದು, ಸವೆದ ಅಂಚಿಗೆ ಹೊಸ ಲೇಪ ಹಚ್ಚುವ ಕಾರ್ಖಾನೆಗೆ ಗಾಳಿಮನೆ ಎನ್ನುತ್ತೇವೆ. ನಾನು ಹದಿನಾರಕ್ಕೆ ಅಲ್ಲಿ ತೊಳೆಯುವ ಕೆಲಸಕ್ಕೆ ಸೇರಿದೆ. ಆ ಲೇಪ ಅಂಗೈಯ ಗೆರೆಗಳಲ್ಲಿ ಕಪ್ಪಾಗಿ ಉಳಿದುಬಿಡುತ್ತದೆ. ನನ್ನ ಗಂಡ ಶಂಭು ಹಳೆಯ ರೆಕ್ಕೆಗಳನ್ನು ಕೊಯ್ಯುವ ವಿಭಾಗದಲ್ಲಿದ್ದರು. ಅಲ್ಲಿ ಗಾಜಿನ ಹಿಟ್ಟಿನಂಥ ಧೂಳು ಹಾರುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಅದು ಒಳಗೆ ಹೋಗುತ್ತದೆ.

ಕಾಲೇಜಿನ ಮಾತಿಗೆ ಬರುತ್ತೇನೆ. ನಿಮ್ಮ ಕಾಲದಲ್ಲಿ ಊರೂರಿಗೆ ಕಾಲೇಜುಗಳಿದ್ದವಂತೆ. ಓದಿದರೆ ಸಂಬಳ ಹೆಚ್ಚು ಬರುತ್ತದೆ ಎಂದು ಜನ ಮಕ್ಕಳನ್ನು ಕಳಿಸುತ್ತಿದ್ದರಂತೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮೇಜಿನ ಮುಂದೆ ಕೂತು ಮಾಡುವ ಕೆಲಸವೆಲ್ಲ ಯಂತ್ರಗಳ ಪಾಲಾಯಿತು. ಓದಿದವನಿಗೂ ಓದದವನಿಗೂ ಒಂದೇ ಕೂಲಿ ಎಂದಾದ ಮೇಲೆ ಜನ ಕೇಳಿದರು, ಓದಿ ಏನು ಬಂತು ಎಂದು. ಸಂಬಳ ಬಿಟ್ಟು ಬೇರೆ ಉತ್ತರವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಒಂದೊಂದೇ ಕಾಲೇಜು ಬಾಗಿಲು ಹಾಕಿತು. ನಮ್ಮ ಊರಿನದನ್ನು ಮುಚ್ಚಿ ಧಾನ್ಯದ ಗೋದಾಮು ಮಾಡಬೇಕೆಂದು ಕೈ ಎತ್ತಿದವರಲ್ಲಿ ನನ್ನ ಮುತ್ತಜ್ಜನೂ ಇದ್ದ ಎಂದು ಅಜ್ಜಿ ಹೇಳುತ್ತಿದ್ದಳು. ಆಗ ಅದನ್ನು ಹೆಮ್ಮೆಯಿಂದ ಹೇಳಿದಳೋ ನಾಚಿಕೆಯಿಂದ ಹೇಳಿದಳೋ ನನಗೆ ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತದೆ.

ಎರಡು ತಲೆಮಾರು ಹಾಗೆಯೇ ಕಳೆಯಿತು. ಆಮೇಲೆ ಸುತ್ತಲಿನ ಊರುಗಳ ಬಾವಿನೀರು ಕೆಟ್ಟಿತು. ಮಕ್ಕಳ ಹಲ್ಲು ಕಂದಿದವು, ದೊಡ್ಡವರ ಮೊಣಕಾಲು ಬಿಗಿದುಕೊಂಡವು. ನೀರು ಸರಿಯಿದೆ ಎಂದು ಯಂತ್ರ ಹೇಳುತ್ತಲೇ ಇತ್ತು. ಅದು ಅಳೆಯುತ್ತಿದ್ದ ವಸ್ತುವೇ ಬೇರೆಯಾಗಿತ್ತು. ಹಾಗೆಂದು ಅನುಮಾನಪಡುವಷ್ಟು ಕಲಿತವರು ಯಾರೂ ಉಳಿದಿರಲಿಲ್ಲ. ದೂರದ ಊರಿನಿಂದ, ಕಾಲೇಜುಗಳು ಮುಚ್ಚುವ ಮುಂಚೆ ಓದಿದ್ದ ಒಬ್ಬ ಮುದುಕಿಯನ್ನು ಹುಡುಕಿ ಕರೆತಂದು ಆಕೆಯ ಕೈಯಿಂದ ಅದನ್ನು ಪತ್ತೆ ಮಾಡಿಸಿದರು. ಆಮೇಲೆ ಕಾಲೇಜುಗಳು ಮತ್ತೆ ತೆರೆದವು. ಅವುಗಳಿಗೆ ಮರುಕಾಲೇಜು ಎನ್ನುತ್ತೇವೆ.

ಕಲಿತವರು ಅಪರೂಪವಾಗಿದ್ದರಿಂದ ಅವರಿಗೆ ಬೆಲೆ ಬಂತು. ನಮ್ಮಲ್ಲಿ ಸಂಬಳಕ್ಕೆ ಪಾಲು ಎನ್ನುತ್ತಾರೆ. ಒಂದು ಸಣ್ಣ ಮನೆಯ ಒಂದು ತಿಂಗಳ ನೀರು, ಧಾನ್ಯ, ವಿದ್ಯುತ್ತು ಸೇರಿದರೆ ಒಂದು ಪಾಲು. ರೆಕ್ಕೆ ತೊಳೆಯುವವಳಿಗೆ ಒಂದು, ಮರುಕಾಲೇಜು ಮುಗಿಸಿದವರಿಗೆ ನಾಲ್ಕು.

ನನ್ನ ಮಗಳು ಸುಗಲಾ ಹದಿನೆಂಟಕ್ಕೆ ಮರುಕಾಲೇಜಿಗೆ ಆಯ್ಕೆಯಾದಳು. ಅದೇ ಚಳಿಗಾಲ ಶಂಭು ಅವರಿಗೆ ಮೆಟ್ಟಿಲು ಹತ್ತಲು ಆಗದಂತಾಯಿತು. ಗಾಳಿಮನೆಯವರು ಇನ್ನು ಬರಬೇಡ ಎಂದರು. ನನ್ನ ಒಂದೇ ಪಾಲಿನಲ್ಲಿ ಮೂವರು. ಒಂದು ದಿನ ಊಟಕ್ಕೆ ಕೂತಾಗ ಶಂಭು ಅವರೇ ಮಾತು ತೆಗೆದರು.

"ನಲವತ್ತು ದಾಟಿದವರನ್ನೂ ಕಾಲೇಜಿಗೆ ತಗೋತಾರಂತ. ಕುಂತು ಕಲಿಯೂದಕ್ಕ ಅರ್ಧ ಪಾಲು ಕೊಡ್ತಾರಂತ. ಸಂಜೀಕ ನೀ ಗಾಳಿಮನಿಗೂ ಹೋಗಬಹುದು."

"ಮಗಳು ಹೋಗೂ ಕಾಲೇಜಿಗೆ ನಾ ಹೋಗ್ಲಿ? ಮಂದಿ ಏನಂದಾರು?"

"ಏನರ ಅನ್ಲಿ. ಮೂರು ವರ್ಷ ಆದಮ್ಯಾಲೆ ನಾಕು ಪಾಲು ಬರ್ತೈತಿ. ಅದನ್ನ ನೋಡು."

ಸುಗಲಾ ತಟ್ಟೆ ನೋಡುತ್ತ ಉಣ್ಣುತ್ತಿದ್ದಳು. ನಾನು ಹೋದದ್ದು ಹಣಕ್ಕಾಗಿಯೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಂಡನ ಔಷಧಕ್ಕೂ ಮನೆಯ ಜೋಳಕ್ಕೂ ದುಡಿಯಲು ಹೊರಟವಳು ಯಾರ ಮುಂದೆ ತಲೆ ತಗ್ಗಿಸಬೇಕು?

ಆದರೂ ತಗ್ಗಿಸಿದೆ. ಮೊದಲ ದಿನ ತರಗತಿಯ ಬಾಗಿಲವರೆಗೆ ಹೋಗಿ ಹೊಸ್ತಿಲ ಆಚೆಯೇ ನಿಂತೆ. ಒಳಗೆ ಎಲ್ಲ ಎಳೆಯ ಮುಖಗಳು. ನನ್ನ ವಯಸ್ಸಿನವಳು ನಾನೊಬ್ಬಳೇ. ಸುಗಲಾ ಗೆಳತಿಯರ ಜೊತೆ ಮುಂದೆ ಕೂತಿದ್ದಳು. ನಾನು ಅವಳ ಹಿಂದಿನ ಬೆಂಚಿನಲ್ಲಿ ಕೂತು, ಕಪ್ಪು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಸುಗಲಾ ಪಕ್ಕದ ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿ ಮೆಲ್ಲಗೆ ಕೇಳಿದಳು.

"ಆಕಿ ನಿಮ್ಮವ್ವ ಏನ?"

"ಅಲ್ಲ," ಎಂದಳು ನನ್ನ ಮಗಳು. "ನಮ್ಮ ಓಣ್ಯಾಗ ಇರ್ತಾರ."

ಅವಳು ಬಹುವಚನ ಬಳಸಿದ್ದಳು. ಹೊರಗಿನವರಿಗೆ ಕೊಡುವ ಮರ್ಯಾದೆಯನ್ನು ನನಗೆ ಕೊಟ್ಟಿದ್ದಳು. ನನಗೆ ಸಿಟ್ಟು ಬರಲಿಲ್ಲ, ನಂಬಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನೇನೋ ಎಂದುಕೊಂಡೆ. ಮಾರನೆಯ ದಿನದಿಂದ ಅವಳು ಹೊರಟು ಒಂದಿಷ್ಟು ಹೊತ್ತಾದ ಮೇಲೆ ನಾನು ಹೊರಡುತ್ತಿದ್ದೆ. ಅವಳು ಹೋಗುವ ದಾರಿ ಬಿಟ್ಟು ಗೋದಾಮಿನ ಹಿಂದಿನ ದಾರಿ ಹಿಡಿಯುತ್ತಿದ್ದೆ. ಈ ವಿಷಯವನ್ನು ನಾವಿಬ್ಬರೂ ಶಂಭು ಅವರಿಗೆ ಹೇಳಲಿಲ್ಲ. ಹೇಳಬಾರದೆಂದು ಮಾತಾಡಿಕೊಂಡೂ ಇರಲಿಲ್ಲ.

ಒಂದು ಸಲ ನೀರು ಪರೀಕ್ಷಿಸುವ ಪಾಠದಲ್ಲಿ ನಮ್ಮಿಬ್ಬರನ್ನೇ ಜೊತೆ ಹಾಕಿದರು. ಕಲಿಸುತ್ತಿದ್ದವರು ದಿಲ್‌ಶಾದ್ ಮುಲ್ಲಾ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ನಾವು ತಾಯಿಮಗಳೆಂದು ಮುಲ್ಲಾ ಅಕ್ಕೋರಿಗೆ ಗೊತ್ತಿರಲಿಲ್ಲ. ಎಲ್ಲರೂ ನೋಡುತ್ತಿರುವಾಗ ನಾನು ಗಾಜಿನ ಕೊಳವೆ ಹಿಡಿದು ಮಗಳಿಗೆ ಹೇಳಿದೆ, "ನೀವು ನೀರು ಹಾಕ್ರಿ. ನಾ ಬಣ್ಣ ನೋಡಿ ಹೇಳ್ತೀನಿ." ಸುಗಲಾ ಹಾಕಿದ ನೀರು ಕೊಳವೆಗೆ ಬೀಳದೆ ಮೇಜಿನ ಮೇಲೆ ಚೆಲ್ಲಿತು. ಅಂದು ರಾತ್ರಿ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳು ತಲೆ ಎತ್ತದೆ ಅಂದಳು.

"ಯವ್ವಾ, ನನಗ ನೀವು ಅನಬ್ಯಾಡ."

"ಮತ್ತ ಅಲ್ಲಿ ಏನನ್ಲಿ?"

ಅವಳು ಬಡಿಯುವುದನ್ನು ನಿಲ್ಲಿಸಿದಳು. ಇನ್ನೊಂದು ಉಂಡೆ ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು.

ವರ್ಷದ ಕೊನೆಗೆ ಬಾಯಿಪರೀಕ್ಷೆ. ಎಲ್ಲರ ಎದುರು ನಿಂತು ಕೇಳಿದ್ದಕ್ಕೆ ಉತ್ತರ ಹೇಳಬೇಕು. ನನಗೆ ಕೇಳಿದ ಪ್ರಶ್ನೆ ಕಷ್ಟದ್ದಾಗಿರಲಿಲ್ಲ. ಬಾವಿಯ ನೀರಿಗೆ ಉಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಬಾಯಿ ತೆರೆದರೆ ನನ್ನ ಓಣಿಯ ಮಾತು ಹೊರಬರುತ್ತದೆ, ಮುಂದೆ ಕೂತ ಹುಡುಗಿಯರು ನಗುತ್ತಾರೆ, ಅವರ ನಡುವೆ ನನ್ನ ಮಗಳು ಕೂತಿರುತ್ತಾಳೆ. ಇಷ್ಟೇ ತಲೆಯಲ್ಲಿ ತುಂಬಿಕೊಂಡಿತು. ಬಾಯಿ ತೆರೆಯಲೇ ಇಲ್ಲ. ಸುಗಲಾ ಮೊದಲನೆಯವಳಾಗಿ ಪಾಸಾದಳು. ನಾನು ನಪಾಸು ಎಂದು ಅಂಗಳದಲ್ಲಿ ಕೂಗಿ ಹೇಳಿದರು.

ಮರುದಿನದಿಂದ ಎರಡೂ ಪಾಳಿ ಗಾಳಿಮನೆಗೆ ಹೋಗತೊಡಗಿದೆ. ಕೆಲವು ದಿನ ಕಳೆದ ಮೇಲೆ ಶಂಭು ಅವರು ಉಸಿರಿಗೆ ತಡವರಿಸುತ್ತ ತಡವರಿಸುತ್ತ ಕೇಳಿದರು.

"ರೊಕ್ಕಕ್ಕಂತ ಹೋದಿ. ನಾಚಿಕಿಗಂತ ಬಿಟ್ಟಿ. ಆ ನಾಚಿಕಿ ಅಷ್ಟು ದೊಡ್ಡದೇನ?"

ಹೌದು ಎನ್ನಬೇಕೆನ್ನಿಸಿತು. ಅವರ ಎದೆ ಏರಿಳಿಯುವುದನ್ನು ನೋಡಿ, ಔಷಧದ ಡಬ್ಬಿ ತರಲು ಎದ್ದೆ.

ಅದೇ ವಾರ ಅವರನ್ನು ಉಸಿರುಮನೆಗೆ ಕರೆದುಕೊಂಡು ಹೋದೆ. ಎದೆಯ ರೋಗದವರಿಗೆ ಔಷಧ ಕೊಡುವ ಜಾಗ ಅದು. ಅಲ್ಲಿ ವೈದ್ಯರು ಕೂರುವುದಿಲ್ಲ. ಯಂತ್ರಕ್ಕೆ ಊದಬೇಕು, ಉಸಿರಿನ ಬಲ ಗೋಡೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಅಲ್ಲಿ ಕೆಲಸಕ್ಕಿರುವವನು ಯಂತ್ರ ಹೇಳಿದಷ್ಟು ಔಷಧ ಕೊಡುತ್ತಾನೆ. ಹಿಂದೆ ಎಷ್ಟೋ ಸಲ ಆ ಗೆರೆಯನ್ನು ನೋಡಿದ್ದೆ, ಗೋಡೆಯ ಬಿರುಕು ನೋಡಿದ ಹಾಗೆ. ಈಗ ಒಂದು ವರ್ಷ ಬೆಂಚಿನ ಮೇಲೆ ಕೂತಿದ್ದೆನಲ್ಲ, ಗೆರೆ ಓದಲು ಕಲಿತಿದ್ದೆ. ತಿಂಗಳು ತಿಂಗಳು ಔಷಧ ಹೆಚ್ಚುತ್ತ ಹೋಗಿತ್ತು. ಗೆರೆ ಮಾತ್ರ ಅದೇ ಓರೆಯಲ್ಲಿ ಇಳಿಯುತ್ತಲೇ ಇತ್ತು. ಔಷಧ ತಿಂದು ಶಂಭು ಅವರು ಹಗಲೆಲ್ಲ ಮಂಪರಿನಲ್ಲಿ ಇರುತ್ತಿದ್ದರು. ಹಾಗಾದರೆ ಇದನ್ನು ಯಾಕೆ ಕೊಡುತ್ತಿದ್ದಾರೆ ಎಂದು ಕೇಳಬೇಕೆನ್ನಿಸಿತು. ನಪಾಸಾದ ರೆಕ್ಕೆ ತೊಳೆಯುವವಳು ಕೇಳಿದರೆ ಅವನು ಏನೆಂದುಕೊಂಡಾನು? ಕೊಟ್ಟಷ್ಟು ಔಷಧ ತೆಗೆದುಕೊಂಡು ಹೊರಗೆ ಬಂದೆ. ಆ ದಿನದ ಮೌನ ನೆನಪಾದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಶಂಭು ಅವರನ್ನು ಮನೆಯಲ್ಲಿ ಮಲಗಿಸಿ, ನೇರ ಮುಲ್ಲಾ ಅಕ್ಕೋರ ಮನೆಗೆ ಹೋದೆ. ಅಂಗಳದಲ್ಲಿ ಕಡ್ಡಿಯಿಂದ ಆ ಗೆರೆ ಬರೆದು ತೋರಿಸಿ, ಔಷಧ ಹೆಚ್ಚಾದರೂ ಇದು ಯಾಕೆ ಏರುವುದಿಲ್ಲ ಎಂದು ಕೇಳಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ನನಗ ಗೊತ್ತಿಲ್ಲ, ಮಹಾನಂದಾ," ಎಂದರು.

ನಾನು ಅವರ ಮುಖ ನೋಡಿದೆ. ಅಷ್ಟು ಓದಿದವರು, ನಾಲ್ಕು ಪಾಲಿನವರು, ನನ್ನಂಥವಳ ಎದುರು ಗೊತ್ತಿಲ್ಲ ಎಂದಿದ್ದರು. ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ನಾಚಿಕಿ ಬರಂಗಿಲ್ಲೇನ್ರಿ ನಿಮಗ?" ಎಂದು ಕೇಳಿಯೇ ಬಿಟ್ಟೆ.

"ಮೊದಲ ಬರ್ತಿತ್ತು. ಓದಿ ಓದಿ ಹೋತು," ಎಂದು ನಕ್ಕರು. "ನಾಳೆಯಿಂದ ಕಾಲೇಜಿಗೆ ಬಾ. ಇಬ್ಬರೂ ಹುಡುಕೂಣು."

ಮತ್ತೆ ಹೋದೆ. ಮೊದಲ ವರ್ಷದ ಪಾಠಕ್ಕೆ ಮತ್ತೊಮ್ಮೆ ಕೂತು, ವರ್ಷದ ಕೊನೆಗೆ ತಡವರಿಸುತ್ತಲೇ ಉತ್ತರ ಹೇಳಿ ಪಾಸಾದೆ. ಹಗಲು ಪಾಠ ಮುಗಿದ ಮೇಲೆ ಪುಸ್ತಕದ ಕೋಣೆಯಲ್ಲಿ ಕೂತು ಎದೆಯೊಳಗಿನ ಧೂಳಿನ ಬಗ್ಗೆ ಓದುತ್ತಿದ್ದೆ. ಒಂದು ಪುಟಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ಕೆಲವು ದಿನಗಳ ಮೇಲೆ ಸುಗಲಾ ಬಂದು ಎದುರು ಕೂತಳು. ಯಾರಾದರೂ ನೋಡುತ್ತಾರೇನೋ ಎಂದು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಪುಸ್ತಕ ತನ್ನ ಕಡೆ ಎಳೆದುಕೊಂಡು, ನನಗೆ ಬಿಡಿಸಲಾಗದ ಪದಗಳನ್ನು ಬಿಡಿಸಿ ಹೇಳತೊಡಗಿದಳು. ನಾವು ತಿಳಿದುಕೊಂಡದ್ದು ಇಷ್ಟು: ರೆಕ್ಕೆಯ ಧೂಳು ಎದೆಯಲ್ಲಿ ಕರಗುವುದಿಲ್ಲ. ಆ ಔಷಧ ಕೆಮ್ಮನ್ನು ತಗ್ಗಿಸುತ್ತದೆ, ಜೊತೆಗೆ ಎಚ್ಚರವನ್ನೂ ತಗ್ಗಿಸುತ್ತದೆ. ಗೆರೆಯನ್ನು ಮೇಲೇರಿಸುವ ಔಷಧ ಇನ್ನೂ ಇಲ್ಲ.

ಯಂತ್ರ ತಪ್ಪು ಹೇಳಿರಲಿಲ್ಲ. ನಾವು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಆದರೆ ಇಬ್ಬರೂ ಉಸಿರುಮನೆಗೆ ಹೋಗಿ ಕೇಳಿದೆವು, ಔಷಧ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು. ಅಲ್ಲಿಯವನು ಗಾಬರಿಯಾದ. "ಹಂಗ ಯಾರೂ ಕೇಳಿಲ್ರಿ," ಎಂದ. ಗದಗಿನ ವೈದ್ಯರನ್ನು ತಂತಿಯಲ್ಲಿ ಕರೆದು ನಮ್ಮ ಜೊತೆ ಮಾತಾಡಿಸಿದ. ಕೆಮ್ಮು ಹೆಚ್ಚುತ್ತದೆ, ಎಚ್ಚರವಿರುತ್ತದೆ, ಆಯುಷ್ಯದಲ್ಲಿ ಹೆಚ್ಚುಕಡಿಮೆಯಾಗುವುದಿಲ್ಲ ಎಂದು ಅವರು ಹೇಳಿದರು. ಮನೆಗೆ ಬಂದು ಶಂಭು ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಸೂರಿನ ಕಡೆ ನೋಡುತ್ತ ಯೋಚಿಸಿದರು.

"ಎಚ್ಚರ ಇರ್ತೀನಿ," ಎಂದರು.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಇದ್ದರು. ಕೆಮ್ಮು ಇತ್ತು, ಕೆಲವೊಮ್ಮೆ ನೋಡಲಾಗುತ್ತಿರಲಿಲ್ಲ. ಆದರೆ ರಾತ್ರಿ ನಾವು ಮೆಟ್ಟಿಲು ಇಳಿದು ಒಳಗೆ ಬರುವುದನ್ನೇ ಕಾಯುತ್ತಿದ್ದರು. "ಇವತ್ತೇನು ಕಲತ್ರಿ?" ಎಂದು ಕೇಳುತ್ತಿದ್ದರು. ಸುಗಲಾ ಒಂದು ಹೇಳಿದರೆ ನಾನೊಂದು ಹೇಳುತ್ತಿದ್ದೆ. ನಮ್ಮಿಬ್ಬರ ಉತ್ತರ ಹೊಂದದಿದ್ದರೆ ಅವರಿಗೆ ಎಲ್ಲಿಲ್ಲದ ಖುಷಿ. ಯಾರದು ಸರಿ ಎಂದು ತೀರ್ಪು ಹೇಳುತ್ತಿದ್ದರು. ಬಹಳ ಸಲ ಆ ತೀರ್ಪೇ ತಪ್ಪಾಗಿರುತ್ತಿತ್ತು. ಮದುವೆಯಾಗಿ ಇಪ್ಪತ್ತು ವರ್ಷ ನಾವು ಜೋಳ, ನೀರು, ಪಾಳಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮಳೆಮೋಡ ಹೇಗೆ ಕಟ್ಟುತ್ತದೆ, ಹಿಂದಿನ ಕಾಲದ ಜನ ಹೇಗಿದ್ದರು, ಕಲ್ಲು ಹೇಗೆ ಹುಟ್ಟುತ್ತದೆ ಎಂದು ಆ ಒಂದು ವರ್ಷ ಮಾತಾಡಿದೆವು. ಓದಿನಿಂದ ನನಗೆ ಏನು ಬಂತು ಎಂದು ಯಾರಾದರೂ ಕೇಳಿದರೆ ಮೊದಲು ಆ ವರ್ಷವನ್ನೇ ಹೇಳುತ್ತೇನೆ.

ನಾನು ಎರಡನೆಯ ವರ್ಷ ಮುಗಿಸುವ ಮುಂಚೆ ಅವರು ಹೋದರು. ಸುದ್ದಿ ತಿಳಿದು ಸುಗಲಾಳ ತರಗತಿಯ ಹುಡುಗ ಹುಡುಗಿಯರು ಮಾತಾಡಿಸಲು ಮನೆಗೆ ಬಂದರು. ಅವರು ಸುಗಲಾಳ ತಂದೆ ತೀರಿಕೊಂಡರೆಂದು ಬಂದವರು. ಮೆಟ್ಟಿಲು ಇಳಿದು ಬಂದು ನೋಡಿದರೆ, ಹೆಣದ ತಲೆಯ ಹತ್ತಿರ ನಾನು ಕೂತಿದ್ದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ನಾನು ಏಳಲು ಹೋದೆ. ನೆರೆಯವಳೆಂದು ಹೇಳಿಬಿಡೋಣ ಎಂದುಕೊಂಡೆ. ಆ ಗಳಿಗೆಯಲ್ಲೂ ನನಗೆ ಹಾಗೆ ಅನ್ನಿಸಿತು ಎಂದು ನಿಮಗೆ ಬರೆಯಲು ಕೈ ಹಿಂಜರಿಯುತ್ತದೆ. ಸುಗಲಾ ನನ್ನ ಭುಜ ಹಿಡಿದು ಕೂರಿಸಿದಳು.

"ಈಕಿ ನಮ್ಮವ್ವ," ಎಂದಳು. "ಮೊದಲ ದಿನಾನ ಹೇಳಬೇಕಾಗಿತ್ತು. ಹೇಳಲಿಲ್ಲ."

ಮೊದಲ ದಿನ ಹಿಂದೆ ತಿರುಗಿ ಕೇಳಿದ್ದ ಹುಡುಗಿ ಬಂದು ನನ್ನ ಕಾಲ ಹತ್ತಿರ ಕೂತಳು. ಸುಗಲಾ ತನ್ನ ತಂದೆಗಾಗಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.

ನಾನು ಓದು ಮುಗಿಸಿದೆ. ಈಗ ಹದಿನೇಳು ವರ್ಷಗಳಿಂದ ಸುತ್ತಲಿನ ಊರುಗಳ ಬಾವಿನೀರು ಪರೀಕ್ಷಿಸುತ್ತೇನೆ. ಸುಗಲಾ ಅದೇ ಮರುಕಾಲೇಜಿನಲ್ಲಿ ಕಲಿಸುತ್ತಾಳೆ. ನಾಲ್ಕು ಪಾಲು ಬರುತ್ತದೆ. ಅದರ ಸುಖ ಸಣ್ಣದಲ್ಲ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ನಡುಹಗಲೂ ತಂಪಿದೆ, ಡಬ್ಬಿಗಳಲ್ಲಿ ಕಾಳಿದೆ, ಕಾಯಿಲೆ ಬಂದರೆ ವೈದ್ಯರನ್ನೇ ಕರೆಸಬಹುದು. ನನ್ನ ಹಳೆಯ ಜೊತೆಗಾರ್ತಿಯರು ಮೊಣಕಾಲು ಹಿಡಿದುಕೊಂಡು ಇನ್ನೂ ಗುಡ್ಡ ಹತ್ತುತ್ತಾರೆ. ನಾನು ನಡೆದಾಡುತ್ತ ಆರಾಮಾಗಿದ್ದೇನೆ. ಯಾರಿಗಾಗಿ ಆ ಹಣ ಬೇಕೆಂದು ಹೋಗಿದ್ದೆನೋ ಅವರು ಹೋದ ಮೇಲೆ ಅದು ಬಂತು. ಮೊದಲ ನಾಲ್ಕು ಪಾಲು ಮನೆಗೆ ಬಂದಾಗ ಧಾನ್ಯದ ಚೀಲಗಳನ್ನು ಒಳಗೆ ತೆಗೆದುಕೊಳ್ಳಲು ನಾಚಿ, ಎಷ್ಟೋ ಹೊತ್ತು ಮೆಟ್ಟಿಲ ಮೇಲೆಯೇ ಬಿಟ್ಟಿದ್ದೆ. ಆ ನಾಚಿಕೆ ಪೂರ್ತಿ ಹೋಗಿಲ್ಲ. ಅಕ್ಕೋರಿಗೆ ಓದಿ ಓದಿ ಹೋಯಿತಂತೆ. ನಾನು ತಡವಾಗಿ ಶುರುಮಾಡಿದವಳು, ನನ್ನಲ್ಲಿ ಇನ್ನೂ ಉಳಿದಿದೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಕಾಲೇಜುಗಳು ಈಗ ತೆರೆದಿವೆ. ಓದಿದರೆ ಎಷ್ಟು ಬರುತ್ತದೆ ಎಂದು ನಿಮ್ಮ ಮಕ್ಕಳು ಕೇಳಿದರೆ, ಬರುವುದನ್ನು ಹೇಳಿ, ಅದು ನಿಜ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾಗಬೇಡಿ. ಹಾಗೆ ಸುಮ್ಮನಾದವರ ಮರಿಮಕ್ಕಳು ನಾವು, ಕೆಟ್ಟ ನೀರು ಕುಡಿದೆವು. ನಿಮ್ಮ ಮನೆಯಲ್ಲಿ ನಲವತ್ತು, ಐವತ್ತು ದಾಟಿದ ಹೆಣ್ಣುಮಗಳು ಒಬ್ಬಳು ಇರಬಹುದು. ನಿಮ್ಮ ಅತ್ತೆಯೋ, ತಾಯಿಯೋ, ಹೆಂಡತಿಯೋ. ನಾನೂ ಕಾಲೇಜಿಗೆ ಹೋಗಲೇ ಎಂದು ಅವಳು ನಗುತ್ತ ಕೇಳುತ್ತಾಳೆ. ಇಲ್ಲ ಅಂದರೆ ತಮಾಷೆಗೆ ಅಂದೆ ಎಂದು ಹೇಳಿಕೊಳ್ಳಲು ಅನುಕೂಲವಾಗಲಿ ಎಂದು ನಗುತ್ತಾಳೆ. ಆಗ ಅವಳನ್ನು ಯಾತಕ್ಕೆ ಎಂದು ಕೇಳಬೇಡಿ. ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳಿ. ಬುತ್ತಿ ಕಟ್ಟಿಕೊಡಿ.

ನಿಮ್ಮ ಮರಿಮಕ್ಕಳ ಮೊಮ್ಮಕ್ಕಳಲ್ಲಿ ಒಬ್ಬಳಾದ,
ಮಹಾನಂದಾ